ಅಪ್‌ಡೇಟ್: ಡಿಸ್ನಿ ವರ್ಲ್ಡ್‌ನಲ್ಲಿ ಕುಡಿಯುವ ನೀರಿನ ಚಿಂತೆ ತೀರಿತು

ಆಗಸ್ಟ್ ಬಿಸಿಲಿನಲ್ಲಿ ಮಕ್ಕಳನ್ನೂ ಊರಿನಿಂದ ಬಂದಿರುವ ಅತ್ತೆ ಮಾವನನ್ನೂ ಕರೆದುಕೊಂಡು ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಮನರಂಜನಾ ಪಾರ್ಕ್ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ, ಬಾಟಲಿ ನೀರಿಗೇ ಹಣ ಸುರಿಯದಿರಲು ಏನು ಮಾಡಬೇಕು ಎಂದು ಕೇಳಿದ್ದೆ. ಹೋಗಿ ಬಂದೆವು.

ಎಲ್ಲಕ್ಕಿಂತ ನೆರವಾದದ್ದು ‘ಕೌಂಟರಿನಲ್ಲಿ ಐಸ್ ನೀರು ಕೇಳಿ’ ಎಂಬ ಸಲಹೆ. ಸೋಡಾ ಯಂತ್ರವಿರುವ ಕ್ವಿಕ್ ಸರ್ವಿಸ್ (ಕೌಂಟರಿನಲ್ಲೇ ತಿಂಡಿ ಕೊಳ್ಳುವ) ಕೌಂಟರುಗಳಲ್ಲಿ ಏನೂ ಕೊಳ್ಳದಿದ್ದರೂ ಲೋಟ ತುಂಬ ತಣ್ಣೀರು ಉಚಿತ. ಮೊದಲು ಸಂಕೋಚಪಟ್ಟ ಅತ್ತೆ ಸಂಜೆಯ ಹೊತ್ತಿಗೆ ತಾವೇ ಹೋಗಿ ಎಲ್ಲರಿಗೂ ತಂದುಕೊಟ್ಟರು! ಹೊರಗಿನ ನೀರು, ತಿಂಡಿಯನ್ನೂ ಒಳಗೆ ಬಿಡುತ್ತಾರೆ. ಗಾಜಿನ ಬಾಟಲಿ ಮಾತ್ರ ಬೇಡ. ಪೆಟ್ಟಿಗೆಯಲ್ಲಿ ಬಿಡಿ ಐಸ್ ತುಂಬಿಕೊಳ್ಳುವ ಸಲಹೆ ನಡೆಯುವುದಿಲ್ಲ, ನಿಯಮವೇ ಒಪ್ಪುವುದಿಲ್ಲ. ಹಿಂದಿನ ರಾತ್ರಿ ಬಾಟಲಿಯ ಅರ್ಧ ನೀರನ್ನು ಹೆಪ್ಪುಗಟ್ಟಿಸಿ ಒಯ್ದೆವು. ಒಮ್ಮೆ ಕೊಂಡು ಮತ್ತೆ ಮತ್ತೆ ಪಾನೀಯ ತುಂಬಿಸಿಕೊಳ್ಳುವ ಮಗ್ ಉಪಯೋಗವಾಗುವುದು ಅಲ್ಲಿನ ಹೋಟೆಲುಗಳಲ್ಲಿ, ಪಾರ್ಕಿನೊಳಗಲ್ಲ.

ಯಾರೂ ಹೇಳದಿದ್ದ ಸಂಗತಿ ರುಚಿಯದು. ಅಲ್ಲಿನ ಕುಡಿಯುವ ನಲ್ಲಿಗಳ ನೀರಿಗೆ ಸ್ವಲ್ಪ ಗಂಧಕದ ವಾಸನೆ, ಮಕ್ಕಳು ಮುಟ್ಟಲಿಲ್ಲ. ನಿಂಬೆರಸ, ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿದ್ದೇ ತಡ, ಬಾಟಲಿ ಖಾಲಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಅದು ಒಳ್ಳೆಯದೇ ಆಯಿತು. ಮಾವನಿಗೆ ರಕ್ತದೊತ್ತಡವಿರುವುದರಿಂದ ಅವರ ಪಾಲಿಗೆ ಮಾತ್ರ ಉಪ್ಪು ಹಾಕಲಿಲ್ಲ.