ಟ್ರೆಂಚ್ ಫೀವರ್: ‘ಕೂರೆ ಜ್ವರ’ ಅನ್ನಬಹುದಾ? ಮತ್ತೆ ‘ಕಡಿತ’ದ ಗೊಂದಲ

ಗೆಳೆಯರೇ,

ಎರಡನೇ ಕ್ಲಾಸಿನ ಮಕ್ಕಳಿಗೆ ಮೊದಲ ಮಹಾಯುದ್ಧದ ಕಥೆ ಹೇಳಲು ಹೋಗಿ ‘ಟ್ರೆಂಚ್ ಫೀವರ್’ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. 1915ರ ಹೊತ್ತಿಗೆ ಫ್ರಾನ್ಸ್, ಬೆಲ್ಜಿಯಂ ಕಡೆಯ ಸೈನಿಕರಲ್ಲಿ ಕಾಣಿಸಿಕೊಂಡ ಜ್ವರ ಇದು. ಸುಮಾರು ಐದು ದಿನಕ್ಕೊಮ್ಮೆ ಮರುಕಳಿಸುತ್ತೆ, ಮೊಣಕಾಲ ಕೆಳಗಿನ ಮೂಳೆ ವಿಪರೀತ ನೋಯುತ್ತೆ.

ಮೊದಲು ‘ಕಂದಕ ಜ್ವರ’ ಅಂದೆ. ಮಕ್ಕಳಿಗೆ ಕಂದಕವೇ ಗೊತ್ತಿಲ್ಲ. ‘ಹೇನು ಜ್ವರ’ ಅಂದೆ. ಒಬ್ಬಳು ತಟ್ಟನೆ ಜಡೆ ಹಿಡಿದುಕೊಂಡು, “ನಂಗೂ ಬರುತ್ತಾ ಮಿಸ್?” ಅಂದಳು. ಪಾಪ, ಹಿಂದಿನ ದಿನ ತಾನೇ ಅವರಮ್ಮ ಹೇನು ಹೆಕ್ಕಿದ್ದರಂತೆ.

ಆದರೆ ಸೈನಿಕರನ್ನು ಕಾಡಿದ್ದು ತಲೆಹೇನಲ್ಲ. ಅಂಗಿಯ ಹೊಲಿಗೆ ಸಂದಿಯಲ್ಲಿ ಸೀರು ಇಟ್ಟು, ರಕ್ತ ಹೀರೋಕೆ ಮಾತ್ರ ಮೈಗೆ ಬರುವ ಹೇನು. ಸೈನಿಕರು ಅಂಗಿ ಒಳಮಗ್ಗುಲು ತಿರುಗಿಸಿ ಹೊಲಿಗೆಯುದ್ದಕ್ಕೂ ಮೇಣದಬತ್ತಿ ಉರಿ ಹಾಯಿಸುತ್ತಿದ್ದರು. ಚಟಪಟ ಸಿಡಿಯುತ್ತಿದ್ದವು. ಇದಕ್ಕೆ ನಮ್ಮಲ್ಲಿ ‘ಕೂರೆ’ ಅನ್ನೋ ಪದವೇ ಇದೆ. ನಮ್ಮಜ್ಜಿ ತಲೆಯದು ಹೇನು, ಬಟ್ಟೆಯದು ಕೂರೆ ಅಂತ ಬೇರೆ ಮಾಡೇ ಹೇಳುತ್ತಿದ್ದರು. ಹಾಗಾಗಿ ‘ಕೂರೆ ಜ್ವರ’ ಅಂತ ಬರೆದುಕೊಂಡಿದ್ದೇನೆ.

(ಇದೇ ಕೂರೆ ಹರಡುವ ಟೈಫಸ್ ಇನ್ನೂ ಘೋರ. ಅದನ್ನು ಟೈಫಾಯ್ಡ್ ಅಂತ ಬರೆದಿದ್ದನ್ನು ನೋಡಿ ತಲೆ ಚಚ್ಚಿಕೊಂಡಿದ್ದೇನೆ. ಟೈಫಾಯ್ಡ್ ಬರೋದು ಕೊಳಕು ನೀರು, ಆಹಾರದಿಂದ.)

ನಿಜವಾದ ತೊಡಕು ಮುಂದಿನ ವಾಕ್ಯದ್ದು: “ಕೂರೆಯ ಕಡಿತದಿಂದ ಜ್ವರ ಬರುತ್ತೆ.” ನಮ್ಮ ಮೈಸೂರು ಕಡೆ ಕಡಿತ ಅಂದರೆ ಕಚ್ಚೋದೂ ಹೌದು, ತುರಿಕೆಯೂ ಹೌದು. “ಮೈಯೆಲ್ಲಾ ಕಡೀತಿದೆ” ಅಂತೀವಲ್ವಾ? ಈ ರೋಗದಲ್ಲಿ ರೋಗಾಣು ಇರೋದು ಕೂರೆಯ ಹಿಕ್ಕೆಯಲ್ಲಿ. ಕಚ್ಚಿದ ಜಾಗ ನವೆಯಾಗುತ್ತೆ, ನಾವು ಪರಪರ ಕೆರೀತೀವಿ, ಹಿಕ್ಕೆ ಗಾಯದೊಳಗೆ ಸೇರುತ್ತೆ. ಅಂದರೆ ವಾಕ್ಯ ಒಂದು ಅರ್ಥದಲ್ಲಿ ಹೆಚ್ಚುಕಮ್ಮಿ ಸರಿ, ಇನ್ನೊಂದರಲ್ಲಿ ತಪ್ಪು! ಸದ್ಯಕ್ಕೆ “ಕೂರೆ ಹಿಕ್ಕೆ ಹಾಕುತ್ತೆ, ನಾವು ಕೆರೆದು ಒಳಗೆ ಕಳಿಸ್ತೀವಿ” ಅಂತ ಹೇಳಿದೆ. ಹಿಕ್ಕೆ ಅಂದ ಕೂಡಲೇ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಯಾರೂ ಮರೆತಿಲ್ಲ.

ಧಾರವಾಡ, ಕಲಬುರಗಿ, ಕರಾವಳಿಯವರು ಹೇಳಿ: ನಿಮ್ಮಲ್ಲಿ ಕೂರೆ ಇನ್ನೂ ಮಾತಲ್ಲಿದೆಯಾ? ಕಡಿತ ಅಂದರೆ ಮೊದಲು ಹೊಳೆಯೋದು ಯಾವುದು, ಕಚ್ಚೋದಾ, ನವೆಯಾ?