ಕನಿಷ್ಠ ಅರ್ಹತೆಯನ್ನು ದಾಟಿದ್ದರೂ ಸೀಟು ಸಿಗುವುದು ಕಷ್ಟ ಎನ್ನುತ್ತಾರೆ: ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ

ಕಂಪ್ಯೂಟರ್ ಸೈನ್ಸ್ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಸ್ನಾತಕೋತ್ತರ ಪದವಿಗಾಗಿ ಅಮೆರಿಕದ ಕೆಲವು ಹೆಸರಾಂತ ವಿಶ್ವವಿದ್ಯಾಲಯಗಳನ್ನು ಆರಿಸಿಕೊಂಡು ಪಟ್ಟಿ ಮಾಡಿದ್ದೇನೆ. ಅವುಗಳ ಪ್ರವೇಶ ಪುಟಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತಿದೆ: 4ಕ್ಕೆ ಕನಿಷ್ಠ 3.0 ಜಿಪಿಎ (ಎಲ್ಲ ವಿಷಯಗಳ ಶ್ರೇಣಿಗಳ ಸರಾಸರಿ) ಇರಬೇಕು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ 9ಕ್ಕೆ 7 ಬಂದಿರಬೇಕು. ನನ್ನ ಶೇಕಡಾವಾರು ಅಂಕಗಳನ್ನು ಲೆಕ್ಕ ಹಾಕಿ ನೋಡಿದಾಗ 3.2 ಬರುತ್ತದೆ, ಐಇಎಲ್‌ಟಿಎಸ್‌ನಲ್ಲಿ 7.5 ಬಂದಿದೆ. ಸಲಹಾ ಕೇಂದ್ರದವರು "ಎಲ್ಲ ಕಡೆಗೂ ನೀವು ಅರ್ಹರು" ಎಂದು ಹೇಳಿ ಕಳುಹಿಸಿದರು. ಆದರೆ ಅದೇ ದಾರಿಯಲ್ಲಿ ಹೋಗಿಬಂದ ಹಿರಿಯ ವಿದ್ಯಾರ್ಥಿಯೊಬ್ಬರು ನನ್ನ ಪಟ್ಟಿಯನ್ನು ನೋಡಿ, ಒಂದೆರಡನ್ನು ಬಿಟ್ಟರೆ ಉಳಿದವುಗಳಿಗೆ ಕಟ್ಟುವ ಶುಲ್ಕ ದಂಡ ಎಂದುಬಿಟ್ಟರು. 3.2 ಸಾಲದು ಎಂದಾದರೆ 3.0 ಎಂದು ಏಕೆ ಬರೆಯುತ್ತಾರೆ? ನನ್ನ ನಿಜವಾದ ಸಾಧ್ಯತೆಯನ್ನು ಅರ್ಜಿ ಹಾಕುವ ಮೊದಲೇ ತಿಳಿಯುವ ದಾರಿ ಇದೆಯೇ? ಅನುಭವಿಗಳು ದಯವಿಟ್ಟು ವಿವರಿಸಬೇಕು.

ಉತ್ತರ 1

ನಾನು ಕೆಲವು ವರ್ಷ ಒಂದು ವಿಭಾಗದ ಪ್ರವೇಶ ಸಮಿತಿಯಲ್ಲಿದ್ದು ಅರ್ಜಿಗಳನ್ನು ಓದಿದ್ದೇನೆ. ಸಲಹಾ ಕೇಂದ್ರದವರೂ ನಿಮ್ಮ ಹಿರಿಯ ವಿದ್ಯಾರ್ಥಿಯೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾರೆ, ಎರಡೂ ಉತ್ತರಗಳು ಸರಿಯಾಗಿರಬಹುದು.

ಮೊದಲು ನೋಡಬೇಕಾದದ್ದು ಆ 3.0ನ್ನು ಬರೆದವರು ಯಾರು ಎಂಬುದನ್ನು. ಹೆಚ್ಚಿನ ಅಮೆರಿಕನ್ ವಿಶ್ವವಿದ್ಯಾಲಯಗಳಲ್ಲಿ ಅದನ್ನು ನಿಗದಿ ಮಾಡುವುದು ಇಡೀ ವಿಶ್ವವಿದ್ಯಾಲಯದ ಸ್ನಾತಕೋತ್ತರ ಆಡಳಿತ ಕಚೇರಿ. ಉದಾಹರಣೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಗ್ರಾಜುಯೇಟ್ ಡಿವಿಜನ್ ಎಂಬ ಕಚೇರಿ ಎಲ್ಲ ವಿಭಾಗಗಳಿಗೂ ಸೇರಿಸಿ 3.0 ಎಂದು ಹೇಳಿದೆ. ಸಂಗೀತಕ್ಕೆ ಅರ್ಜಿ ಹಾಕುವವರಿಗೂ ಸಿವಿಲ್ ಎಂಜಿನಿಯರಿಂಗಿಗೆ ಹಾಕುವವರಿಗೂ ಅದು ಒಂದೇ ಗೆರೆ. ಸೇರಿದ ಮೇಲೆಯೂ ಸ್ನಾತಕೋತ್ತರ ವಿದ್ಯಾರ್ಥಿಗಳು ಸರಾಸರಿ ಬಿ ಶ್ರೇಣಿಯನ್ನು, ಅಂದರೆ 3.0ನ್ನು, ಉಳಿಸಿಕೊಳ್ಳಬೇಕೆಂಬ ನಿಯಮ ಅಲ್ಲಿ ಸಾಮಾನ್ಯ. ಪದವಿಯಲ್ಲಿಯೇ ಅಷ್ಟು ತೆಗೆಯದವರು ಮುಂದಿನ ಹಂತದಲ್ಲಿ ತಡವರಿಸಬಹುದು ಎಂಬ ಅಂದಾಜಿನ ಮೇಲೆ ಆ ಗೆರೆ ನಿಂತಿದೆ. ಆದರೆ ಯಾರನ್ನು ತೆಗೆದುಕೊಳ್ಳಬೇಕೆಂದು ಆರಿಸುವುದು ವಿಭಾಗ. ವಿಭಾಗದ ಮುಂದೆ ಇರುವುದು ಸೀಟುಗಳ ಸಂಖ್ಯೆ ಮತ್ತು ಆ ವರ್ಷ ಬಂದ ಅರ್ಜಿಗಳ ರಾಶಿ. ಗೆರೆ ದಾಟಿದವರೇ ಸೀಟುಗಳಿಗಿಂತ ಹಲವು ಪಟ್ಟು ಇದ್ದಾಗ ಆ ಗೆರೆಯಿಂದ ವಿಭಾಗಕ್ಕೆ ಏನೂ ತಿಳಿಯುವುದಿಲ್ಲ. ಅದು ಅರ್ಜಿಯನ್ನು ಹೊರಗಿಡಲು ಬಳಕೆಯಾಗುತ್ತದೆಯೇ ಹೊರತು ಒಳಗೆ ಕರೆಯಲು ಅಲ್ಲ.

ಐಇಎಲ್‌ಟಿಎಸ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 7 ಕೇಳಿದಲ್ಲಿ 7.5 ಇದ್ದರೂ 8.5 ಇದ್ದರೂ ಸಮಿತಿಯ ಮಟ್ಟಿಗೆ ಬಹುತೇಕ ಒಂದೇ; ಬೋಧನಾ ಸಹಾಯಕ ಹುದ್ದೆ ಕೊಡುವ ಕಡೆ ಮಾತ್ರ ಮಾತನಾಡುವ ಭಾಗದ ಅಂಕವನ್ನು ಬೇರೆಯಾಗಿ ನೋಡುತ್ತಾರೆ.

ಮೇಜಿನ ಮೇಲೆ ನಡೆಯುವುದನ್ನು ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಒಂದು ಅರ್ಜಿಗೆ ಕೆಲವೇ ನಿಮಿಷ ಸಿಗುತ್ತದೆ. ಓದುವವರು ಅಂಕಪಟ್ಟಿಯನ್ನು ತೆರೆದು ನೇರವಾಗಿ ಕೊನೆಯ ಎರಡು ವರ್ಷಗಳ ವಿಷಯಗಳಿಗೆ ಹೋಗುತ್ತಾರೆ. ಆಲ್ಗಾರಿದಮ್ಸ್, ಆಪರೇಟಿಂಗ್ ಸಿಸ್ಟಮ್ಸ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಇವುಗಳಲ್ಲಿ ಎಷ್ಟು ಬಂದಿದೆ ಎಂದು ನೋಡುತ್ತಾರೆ. ಮೊದಲ ವರ್ಷ ಎಡವಿ ಕೊನೆಯ ವರ್ಷ ಏರಿದ 3.2ಕ್ಕೂ, ಚೆನ್ನಾಗಿ ಆರಂಭಿಸಿ ಮುಖ್ಯ ವಿಷಯಗಳಲ್ಲಿ ಇಳಿದ 3.2ಕ್ಕೂ ಬಹಳ ವ್ಯತ್ಯಾಸವಿದೆ. ಬಳಿಕ ಶಿಫಾರಸು ಪತ್ರಗಳು. "ವಿಧೇಯ, ಶ್ರಮಜೀವಿ, ತರಗತಿಗೆ ತಪ್ಪದೆ ಬರುತ್ತಾರೆ" ಎಂಬ ಪತ್ರ ಕೈಗೆ ಬಂದರೆ ಓದುವವರಿಗೆ ಅದರಿಂದ ದಕ್ಕುವುದು ಏನೂ ಇಲ್ಲ. ಅದೇ ಅಧ್ಯಾಪಕರು, ಈ ವಿದ್ಯಾರ್ಥಿ ಯಾವ ಯೋಜನೆಯಲ್ಲಿ ಯಾವ ತೊಡಕನ್ನು ಹೇಗೆ ಬಿಡಿಸಿದರು ಎಂದು ಒಂದು ಪ್ಯಾರಾ ಬರೆದಿದ್ದರೆ ಆ ಅರ್ಜಿ ಎರಡನೆಯ ಸುತ್ತಿಗೆ ಹೋಗುವುದನ್ನು ಕಂಡಿದ್ದೇನೆ.

ಉತ್ತರ 2

ಮೇಲಿನವರ ಮಾತು ಪದವಿ ತರಗತಿಗಳ ಪ್ರವೇಶಕ್ಕೂ ಸಲ್ಲುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪದವಿಗೆ ಸೇರಬಯಸುವ ಆ ರಾಜ್ಯದ ನಿವಾಸಿಗಳಿಗೆ 3.0, ಹೊರಗಿನವರಿಗೆ 3.4 ಎಂದು ಕನಿಷ್ಠ ಜಿಪಿಎ ಹೇಳುತ್ತದೆ. ಅದೇ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕ್ಯಾಂಪಸ್ಸಿಗೆ ಇತ್ತೀಚಿನ ವರ್ಷಗಳಲ್ಲಿ ಮೊದಲ ವರ್ಷದ ಪ್ರವೇಶಕ್ಕೆಂದೇ 1.4 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬರುತ್ತಿದ್ದು, ಹತ್ತರಲ್ಲಿ ಒಬ್ಬರಿಗೂ ಪ್ರವೇಶ ಸಿಗುತ್ತಿಲ್ಲ. ಕನಿಷ್ಠ ಮಟ್ಟದ ಹತ್ತಿರ ಸುಳಿದಾಡುವವರಿಗೆ ಅಲ್ಲಿ ಜಾಗ ಎಲ್ಲಿದೆ?

ಬ್ರಿಟನ್ನಿನಲ್ಲಿ ಬೇರೊಂದು ಗೊಂದಲವಿದೆ. ಕೇಂಬ್ರಿಡ್ಜಿನಲ್ಲಿ ಎಂಜಿನಿಯರಿಂಗಿಗೆ ಎ-ಲೆವೆಲ್ ಎಂಬ ಶಾಲಾಂತ್ಯ ಪರೀಕ್ಷೆಯಲ್ಲಿ ಎರಡು ಎ-ಸ್ಟಾರ್ (ಅತ್ಯುನ್ನತ ಶ್ರೇಣಿ) ಮತ್ತು ಒಂದು ಎ ಬೇಕು ಎಂದು ಬರೆದಿರುವುದನ್ನು ನೋಡಿ, ಅಷ್ಟು ಬಂದರೆ ಸೀಟು ಎಂದು ತಿಳಿಯುವವರಿದ್ದಾರೆ. ಅಲ್ಲಿ ಅರ್ಜಿಯ ಗಡುವು ಅಕ್ಟೋಬರ್ ತಿಂಗಳಲ್ಲಿಯೇ ಮುಗಿಯುತ್ತದೆ, ಪರೀಕ್ಷೆಯ ಫಲಿತಾಂಶ ಬರುವುದು ಮುಂದಿನ ಆಗಸ್ಟಿನಲ್ಲಿ. ನಡುವೆ ಪ್ರವೇಶ ಪರೀಕ್ಷೆ, ಸಂದರ್ಶನಗಳನ್ನು ನಡೆಸಿ ಆರಿಸಿದವರಿಗೆ ಮಾತ್ರ "ಇಷ್ಟು ಶ್ರೇಣಿ ತಂದರೆ ಬನ್ನಿ" ಎಂಬ ಷರತ್ತಿನ ಆಹ್ವಾನ ಹೋಗುತ್ತದೆ. ಹೀಗಾಗಿ ಆ ಶ್ರೇಣಿಗಳು ಆಯ್ಕೆಯಾದ ಮೇಲಿನ ಷರತ್ತು. ಅವನ್ನು ತರಬಲ್ಲವರೆಂದು ಶಾಲೆಯವರೇ ಅಂದಾಜು ಬರೆದುಕೊಟ್ಟ ಎಷ್ಟೋ ಮಂದಿ ಆಹ್ವಾನವಿಲ್ಲದೆ ಹಿಂದಿರುಗುತ್ತಾರೆ. ಗಣಿತಕ್ಕಾದರೆ ಇವುಗಳ ಮೇಲೆ ಸ್ಟೆಪ್ ಎಂಬ ಪರೀಕ್ಷೆ ಬೇರೆ. ಆಕ್ಸ್‌ಫರ್ಡಿನಲ್ಲಿಯೂ ಪದವಿ ಹಂತದ ಸುಮಾರು 3,300 ಸೀಟುಗಳಿಗೆ 20,000ಕ್ಕೂ ಹೆಚ್ಚು ಮಂದಿ ಪೈಪೋಟಿ ನಡೆಸುತ್ತಾರೆ. ಆ ವಿಶ್ವವಿದ್ಯಾಲಯ ಪ್ರತಿವರ್ಷ ಈ ಅಂಕಿಅಂಶಗಳನ್ನು ವಿಷಯವಾರು ಪ್ರಕಟಿಸುವುದರಿಂದ, ಒಟ್ಟು ಸರಾಸರಿಯನ್ನು ಬಿಟ್ಟು ನಿಮ್ಮ ವಿಷಯದ ಸಾಲನ್ನೇ ನೋಡಬಹುದು.

ಉತ್ತರ 3

ಪ್ರಕಟವಾದ ಎಲ್ಲ ಅಂಕಿಗಳನ್ನೂ ಕನಿಷ್ಠ ಅರ್ಹತೆ ಎಂದೇ ಓದುವುದು ಸರಿಯಲ್ಲ. ಜರ್ಮನಿಯಲ್ಲಿ ನ್ಯೂಮೆರಸ್ ಕ್ಲೌಸಸ್ ಎಂಬ, ಸೀಟುಗಳ ಸಂಖ್ಯೆಗೆ ಮಿತಿ ಹಾಕುವ ಪದ್ಧತಿ ಇರುವ ವಿಷಯಗಳಿಗೆ ಶಾಲಾಂತ್ಯ ಸರಾಸರಿಯ ಒಂದು ಅಂಕಿ ಕಾಣುತ್ತದೆ, ಉದಾಹರಣೆಗೆ 1.4 ಎಂದು (ಅಲ್ಲಿ 1.0 ಅತ್ಯುತ್ತಮ, ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು). ಅದನ್ನು ಯಾರೂ ಮೊದಲೇ ನಿಗದಿ ಮಾಡಿರುವುದಿಲ್ಲ. ಕಳೆದ ಸಲ ಅಂಕದ ಆಧಾರದಲ್ಲಿ ಸೀಟು ಪಡೆದ ಕೊನೆಯ ವಿದ್ಯಾರ್ಥಿಯ ಅಂಕ ಅದು. ಸೀಟುಗಳು ಹೆಚ್ಚಾದರೆ ಅಥವಾ ಅರ್ಜಿದಾರರು ಕಡಿಮೆಯಾದರೆ ಈ ಸಲ ಅದು ಬದಲಾಗುತ್ತದೆ. ಅಲ್ಲಿ ಕಾಣುವ ಅಂಕಿ ಸಾಧ್ಯತೆಗೆ ಬಹಳ ಹತ್ತಿರದ್ದು. ನಿಮ್ಮ ಪಟ್ಟಿಯಲ್ಲಿರುವ 3.0 ಹಾಗಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿರುವ ಇಟಿಎಚ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯ. ಸ್ವಿಸ್ ಶಾಲಾಂತ್ಯ ಪ್ರಮಾಣಪತ್ರ ಇರುವವರು, ವೈದ್ಯಕೀಯದಂತಹ ಅಪವಾದ ಬಿಟ್ಟರೆ, ಪದವಿಗೆ ನೇರವಾಗಿ ಸೇರಬಹುದು. ಅಲ್ಲಿ ಕನಿಷ್ಠ ಅರ್ಹತೆ ಇದ್ದರೆ ಪ್ರವೇಶ ಸಿಕ್ಕಂತೆಯೇ. ಆದರೆ ಜರಡಿ ಹಿಡಿಯುವ ಕೆಲಸ ಮೊದಲ ವರ್ಷದ ಪರೀಕ್ಷೆಗೆ ವರ್ಗವಾಗಿದೆ. ಅದರಲ್ಲಿ ಎರಡು ಸಲ ಅನುತ್ತೀರ್ಣರಾದರೆ ಆ ಕೋರ್ಸಿನಿಂದ ಹೊರಗೆ.

ನಮಗೆ ಹೆಚ್ಚು ಪರಿಚಿತವಾದ ನೀಟ್ ಪರೀಕ್ಷೆಯನ್ನೇ ನೋಡಿ. 2024ರಲ್ಲಿ ಸುಮಾರು 23 ಲಕ್ಷ ಮಂದಿ ಬರೆದರು, ಸುಮಾರು 13 ಲಕ್ಷ ಮಂದಿ ಅರ್ಹತೆ ಪಡೆದರು. ಆಗ ಎಂಬಿಬಿಎಸ್ ಸೀಟುಗಳು ಇದ್ದದ್ದು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿ ಯಾರೂ "ಕ್ವಾಲಿಫೈ ಆದೆ, ಸೀಟು ಏಕೆ ಬರಲಿಲ್ಲ" ಎಂದು ಕೇಳುವುದಿಲ್ಲ, ರ‍್ಯಾಂಕ್ ಎಷ್ಟು ಎಂದು ಕೇಳುತ್ತಾರೆ. ವಿದೇಶದ ಅರ್ಜಿಗಳಿಗೂ ಇಂಥದೇ ಒಂದು ರ‍್ಯಾಂಕ್ ಇರುತ್ತದೆ, ಅದನ್ನು ನಮಗೆ ತೋರಿಸುವುದಿಲ್ಲ ಅಷ್ಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಉತ್ತರ ಕೊಟ್ಟವರಲ್ಲಿ ಇನ್ನೊಂದು ಸಂದೇಹ, ಸರ್. ಒಂದೊಂದು ಕಡೆ ಹತ್ತರಲ್ಲಿ ಒಬ್ಬರಿಗೆ ಪ್ರವೇಶ ಸಿಗುತ್ತದೆ ಎಂದುಕೊಂಡರೂ, ಹತ್ತು ಕಡೆ ಅರ್ಜಿ ಹಾಕಿದರೆ ಒಂದಾದರೂ ಸಿಗಬೇಕಲ್ಲವೇ?

ಉತ್ತರ 1

ಕಾಗದದ ಮೇಲಿನ ಲೆಕ್ಕದಲ್ಲಿಯೂ "ಸಿಗಲೇಬೇಕು" ಎಂದು ಬರುವುದಿಲ್ಲ. ಪ್ರತಿ ಕಡೆ ತಪ್ಪುವ ಸಂಭವ 0.9, ಹತ್ತೂ ಕಡೆ ತಪ್ಪುವ ಸಂಭವ 0.9ರ ಹತ್ತನೆಯ ಘಾತ, ಅಂದರೆ ಸುಮಾರು 0.35. ಉಳಿಯುವುದು ನೂರಕ್ಕೆ 65. ಆ 65 ಸಹ ಹಿಗ್ಗಿಸಿದ ಅಂಕಿ, ಏಕೆಂದರೆ ಈ ಲೆಕ್ಕ ಹತ್ತು ನಿರ್ಧಾರಗಳೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ನಂಬುತ್ತದೆ. ವಾಸ್ತವದಲ್ಲಿ ಹತ್ತು ಸಮಿತಿಗಳೂ ಓದುವುದು ಅದೇ ಅಂಕಪಟ್ಟಿಯನ್ನು, ಅದೇ ಶಿಫಾರಸು ಪತ್ರಗಳನ್ನು. ಒಬ್ಬರ ಕಣ್ಣಿಗೆ ಬಿದ್ದ ಕೊರತೆ ಉಳಿದವರ ಕಣ್ಣಿಗೂ ಬೀಳುತ್ತದೆ. ಮೇಲಾಗಿ ಹತ್ತರಲ್ಲಿ ಒಬ್ಬರು ಎಂಬುದು ಇಡೀ ಗುಂಪಿನ ಸರಾಸರಿ. ಆ ಗುಂಪಿನ ಮೇಲ್ತುದಿಯಲ್ಲಿರುವವರ ಸಾಧ್ಯತೆ ಅದಕ್ಕಿಂತ ಬಹಳ ಹೆಚ್ಚು, ಕೆಳತುದಿಯವರದು ಸೊನ್ನೆಗೆ ಹತ್ತಿರ.

ಆದ್ದರಿಂದ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಪಟ್ಟಿಯ ಹರವನ್ನು ಬದಲಿಸುವುದು ಮೇಲು. ಪದವಿಗೆ ಹೋಗುವವರಿಗಾದರೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಕಾಮನ್ ಡೇಟಾ ಸೆಟ್ ಎಂಬ ವರದಿಯನ್ನು ಪ್ರಕಟಿಸುತ್ತವೆ. ಅದರ ಸಿ ಭಾಗದಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಪ್ರವೇಶ ಸಿಕ್ಕಿತು, ಸೇರಿದವರ ಅಂಕಗಳು ಯಾವ ಹರವಿನಲ್ಲಿವೆ ಎಂಬುದೆಲ್ಲ ಇರುತ್ತದೆ. ಸ್ನಾತಕೋತ್ತರಕ್ಕೆ ಅಂಥ ಸಾಮಾನ್ಯ ವರದಿ ಇಲ್ಲದಿರುವುದರಿಂದ ವಿಭಾಗದ ಪುಟದಲ್ಲಿಯೇ ಹುಡುಕಬೇಕು. ಕನಿಷ್ಠ ಅರ್ಹತೆಯ ಸಾಲಿನ ಕೆಳಗೋ, ಪದೇಪದೇ ಕೇಳುವ ಪ್ರಶ್ನೆಗಳಲ್ಲೋ "ಪ್ರವೇಶ ಪಡೆದವರ ಸರಾಸರಿ ಇಷ್ಟು" ಎಂಬ ಸಾಲು ಕೆಲವೊಮ್ಮೆ ಸಿಗುತ್ತದೆ. ನಿಮಗೆ ಬೇಕಾದದ್ದು ಆ ಸಾಲು. ನಿಮ್ಮ ಅಂಕ ಆ ಸರಾಸರಿಗಿಂತ ಸ್ಪಷ್ಟವಾಗಿ ಕೆಳಗಿದ್ದರೆ, ಅದನ್ನು ತುಂಬಿಕೊಡುವಂಥದು ಅರ್ಜಿಯಲ್ಲಿ ಬೇರೆ ಏನಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ವಿದ್ಯಾರ್ಥಿಗಳು ತಾವೇ ಬರೆದುಕೊಳ್ಳುವ ಫಲಿತಾಂಶದ ಪುಟಗಳನ್ನು ಮಾತ್ರ ಎಚ್ಚರಿಕೆಯಿಂದ ಓದಿ. ಗೆದ್ದವರೂ ಬಹಳ ನೊಂದವರೂ ಅಲ್ಲಿ ಬರೆಯುತ್ತಾರೆ, ನಡುವಿನವರು ಸುಮ್ಮನಿರುತ್ತಾರೆ.

ಇನ್ನೊಂದು ವಿಷಯ. ಒಂದೇ ವಿಭಾಗದಲ್ಲಿ ಸಂಶೋಧನೆಯ ಕಡೆಗೆ ಸಾಗುವ ಪದವಿಯೂ, ಉದ್ಯೋಗಕ್ಕೆಂದೇ ರೂಪಿಸಿದ ಪದವಿಯೂ ಇರಬಹುದು. ಮೊದಲನೆಯದರಲ್ಲಿ ಮಾರ್ಗದರ್ಶಕರು ಮತ್ತು ಧನಸಹಾಯ ಎರಡೂ ಸೀಮಿತವಾದ್ದರಿಂದ ಸೀಟುಗಳು ಬೆರಳೆಣಿಕೆಯಷ್ಟು. ಎರಡನೆಯದರಲ್ಲಿ ವಿದ್ಯಾರ್ಥಿಗಳೇ ಶುಲ್ಕ ಕಟ್ಟುವುದರಿಂದ ತರಗತಿ ದೊಡ್ಡದಿರುತ್ತದೆ. ಎರಡಕ್ಕೂ ಕನಿಷ್ಠ ಅರ್ಹತೆ ಅದೇ 3.0 ಎಂದು ಬರೆದಿದ್ದರೂ ಪೈಪೋಟಿ ಒಂದೇ ಅಲ್ಲ.

ಉತ್ತರ 4

ಎಲ್ಲರೂ 3.2ನ್ನು ಹಾಗೆಯೇ ಒಪ್ಪಿಕೊಂಡು ಮಾತನಾಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನೀವು ಶೇಕಡಾವಾರು ಅಂಕವನ್ನು 25ರಿಂದ ಭಾಗಿಸಿ ಅದನ್ನು ಪಡೆದಿದ್ದರೆ ಆ ಅಂಕಿಗೆ ಬೆಲೆ ಕಡಿಮೆ. ಹಲವು ವಿಶ್ವವಿದ್ಯಾಲಯಗಳು ಅರ್ಜಿದಾರರು ತಾವಾಗಿ ಪರಿವರ್ತಿಸಬಾರದು, ಮೂಲ ಅಂಕಗಳನ್ನೇ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದಿರುತ್ತವೆ, ಏಕೆಂದರೆ ಒಂದು ಪದ್ಧತಿಯಲ್ಲಿ 65 ಬರುವುದು ಇನ್ನೊಂದು ಪದ್ಧತಿಯ 80ಕ್ಕಿಂತ ಕಷ್ಟವಿರಬಹುದು ಎಂಬುದು ಓದುವವರಿಗೂ ಗೊತ್ತು. ಹಾಗಾಗಿ ನಿಮ್ಮ ಸ್ಥಾನ ನೀವು ಅಂದುಕೊಂಡದ್ದಕ್ಕಿಂತ ಮೇಲೂ ಇರಬಹುದು, ಕೆಳಗೂ ಇರಬಹುದು. ತರಗತಿಯಲ್ಲಿ ನೀವು ಎಷ್ಟನೆಯ ಸ್ಥಾನದಲ್ಲಿದ್ದೀರಿ ಎಂಬುದನ್ನು ಕಾಲೇಜಿನಿಂದ ಬರೆಸಿಕೊಂಡು ಕಳುಹಿಸಲು ಸಾಧ್ಯವಾದರೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಶುಲ್ಕ ದಂಡ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೈಗೆಟುಕದಂತೆ ಕಾಣುವ ಒಂದೆರಡನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ನಿಮ್ಮ ಇಷ್ಟ. ಎಲ್ಲವೂ ಅಂಥವೇ ಆಗಿರುವುದು ಮಾತ್ರ ಅವಿವೇಕ. ಶುಲ್ಕ ಕಟ್ಟುವ ಮೊದಲು ವಿಭಾಗದ ಪ್ರವೇಶ ಸಂಯೋಜಕರಿಗೆ ಒಂದು ಚಿಕ್ಕ ಇಮೇಲ್ ಬರೆಯಿರಿ. ನನಗೆ ಪ್ರವೇಶ ಸಿಗುತ್ತದೆಯೇ ಎಂದು ಕೇಳಬೇಡಿ, ಅದಕ್ಕೆ ಯಾರೂ ಉತ್ತರಿಸುವುದಿಲ್ಲ. ಕಳೆದ ವರ್ಷ ಸೇರಿದವರ ಶೈಕ್ಷಣಿಕ ಹಿನ್ನೆಲೆಯ ಬಗ್ಗೆ ಪ್ರಕಟಿತ ಮಾಹಿತಿ ಎಲ್ಲಿದೆ, ನನ್ನ ಅಂಕಪಟ್ಟಿಯಲ್ಲಿ ಇಂಥ ಪೂರ್ವಭಾವಿ ವಿಷಯ ಇಲ್ಲದಿದ್ದರೆ ಅರ್ಜಿಯನ್ನು ಪರಿಗಣಿಸುತ್ತೀರಾ, ಮೂಲ ಅಂಕಗಳನ್ನು ಯಾವ ರೂಪದಲ್ಲಿ ನಮೂದಿಸಬೇಕು, ಈ ಮೂರಕ್ಕೆ ಸಾಮಾನ್ಯವಾಗಿ ಉತ್ತರ ಬರುತ್ತದೆ. ಎರಡನೆಯದಕ್ಕೆ "ಇಲ್ಲ" ಎಂದು ಬಂದರೆ ನಿಮ್ಮ ಜಿಪಿಎ ಎಷ್ಟೇ ಇದ್ದರೂ ಆ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು.