ಬಾಡಿಗೆ ಮನೆಯ ಮಾಡು ಸೋರಿದರೆ ದುರಸ್ತಿ ಯಾರ ಹೊಣೆ?

ಪ್ರಶ್ನೆ (ಸಾಗರ):
ಬಾಡಿಗೆಗೆ ಕೊಟ್ಟಿರುವ ನಮ್ಮ ಹೆಂಚಿನ ಮನೆಯಲ್ಲಿ, ಮಂಗಗಳ ಹಾವಳಿಯಿಂದ ಹೆಂಚು ಒಡೆದು ಅಡುಗೆಮನೆ ಸೋರುತ್ತಿದೆ. ಬಾಡಿಗೆದಾರರು ತಾವೇ ದುರಸ್ತಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದಾಗಿ ಹೇಳುತ್ತಿದ್ದಾರೆ. ಇದಕ್ಕೆ ಅವಕಾಶವಿದೆಯೇ? ಕರಾರಿನ ಅವಧಿಯೂ ಮುಗಿಯುತ್ತಿದೆ. ಹೊಸದರಲ್ಲಿ ಏನು ಬರೆಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ (ತೀರ್ಥಹಳ್ಳಿ):
ಮಾಡಿನ ದುರಸ್ತಿ ಮಾಲೀಕರದೆಂದು ಕರಾರಿನಲ್ಲಿದ್ದರೆ ಅವಕಾಶವಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಮಿನ ಪ್ರಕಾರ, ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಮಾತು ಅಲ್ಲಿಯವರೆಗೆ ಹೋಗಲು ಬಿಡಬೇಡಿ. ಪ್ರತಿ ವರ್ಷ ಮೇ ತಿಂಗಳಲ್ಲೇ ಹೆಂಚು ಕೈಯಾಡಿಸಿ, ರೀಪು ಪಕಾಸಿಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಆಗಲೇ ನೋಡಿಸಿ; ಮಳೆ ಹಿಡಿದ ಮೇಲೆ ಪಾಚಿಗಟ್ಟಿದ ಮಾಡಿಗೆ ಆಳುಗಳು ಹತ್ತಲು ಒಪ್ಪುವುದಿಲ್ಲ, ಒಪ್ಪಿದರೂ ಹತ್ತಿಸುವುದು ತಪ್ಪು.

ಉತ್ತರ (ಶಿವಮೊಗ್ಗ):
ಮಾಡು, ಗೋಡೆ, ವೈರಿಂಗ್ ಮಾಲೀಕರ ಹೊಣೆ, ನಲ್ಲಿ ಮತ್ತು ಬಲ್ಬು ಬಾಡಿಗೆದಾರರದು ಎಂದು ಹೊಸ ಕರಾರಿನಲ್ಲಿ ಬಿಡಿಸಿ ಬರೆಸಿ, ಆ ದಿನದ ಮೆಸ್ಕಾಂ ಮೀಟರ್ ರೀಡಿಂಗನ್ನೂ ಸೇರಿಸಿ. ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿರುವುದು ಅದಕ್ಕಾಗಿಯೇ.

ಉತ್ತರ (ಹೊಸನಗರ):
ಮಳೆಗಾಲದ ತೇವಕ್ಕೆ ಗೋಡೆಯಲ್ಲಿ ಬೂಷ್ಟು ಬಂದರೆ ಅದಕ್ಕಾಗಿ ಮುಂಗಡದ ಹಣ ಹಿಡಿಯಬೇಡಿ. ಅದು ಬಾಡಿಗೆದಾರರು ಮಾಡಿದ ಹಾನಿಯಲ್ಲ.